ಇಷ್ಟವಿಯೋಗವೂ ಶ್ರಾವಕನ ಕಣ್ಣೀರೂ

ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ, ಎರಡನೆಯದು ಅಶರಣ. ಶರೀರ, ಯೌವನ, ಸಂಪತ್ತು, ಬಂಧುಗಳ ಸಹವಾಸ ಇವೆಲ್ಲವೂ ಅಳಿಯತಕ್ಕವು. ಆಯುಃಕರ್ಮ ಮುಗಿದ ಜೀವವನ್ನು ತಂದೆ-ತಾಯಿ, ಮಂತ್ರ-ಔಷಧಿ, ಇಂದ್ರ-ಚಕ್ರವರ್ತಿ ಯಾರೂ ತಡೆದು ನಿಲ್ಲಿಸಲಾರರು. ಈ ಮಾತನ್ನು ನಮ್ಮ ಸಮಾಜದ ಮಕ್ಕಳು ಪಾಠಶಾಲೆಯಲ್ಲಿಯೇ ಕಲಿತಿರುತ್ತಾರೆ. ಪರ್ಯುಷಣದ ದಿನಗಳಲ್ಲಿ ಬಸದಿಯಲ್ಲಿ ಕುಳಿತು ಕೇಳುವಾಗ ಎಲ್ಲರ ತಲೆಗಳೂ ಒಪ್ಪಿಗೆಯಿಂದ ತೂಗುತ್ತವೆ. ಆದರೆ ಸಾವು ನಮ್ಮದೇ ಹೊಸ್ತಿಲನ್ನು ದಾಟಿ ಒಳಗೆ ಬಂದ ದಿನ, ಒಪ್ಪಿಕೊಂಡಿದ್ದ ಅದೇ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಇದು ಏಕೆ, ಮತ್ತು ಇದನ್ನು ನಾವು ದೋಷವೆಂದು ಎಣಿಸಬೇಕೇ ಎಂಬುದು ಈ ಲೇಖನದ ವಿಚಾರ.

ಸಾವಿನ ಮನೆಗೆ ಸಮಾಧಾನ ಹೇಳಲು ಹೋಗುವುದು ನಮ್ಮಲ್ಲಿ ಒಂದು ಕರ್ತವ್ಯ. ಹೋದವರು ಏನು ಹೇಳುತ್ತಾರೆಂಬುದನ್ನು ನಾನು ನಲವತ್ತು ವರ್ಷಗಳಿಂದ ಗಮನಿಸುತ್ತಾ ಬಂದಿದ್ದೇನೆ. ಹೆಂಗಸರು ಹೆಚ್ಚು ಮಾತನಾಡುವುದಿಲ್ಲ. ಪಕ್ಕದಲ್ಲಿ ಕುಳಿತು ಕೈ ಹಿಡಿಯುತ್ತಾರೆ, ತಾವೂ ಅಳುತ್ತಾರೆ, ಹೊತ್ತು ಮುಳುಗುವುದರೊಳಗೆ ಆ ಮನೆಯವರಿಗೆ ಎರಡು ತುತ್ತು ಊಟ ಮಾಡಿಸುತ್ತಾರೆ. ಗಂಡಸರಾದ ನಾವು ಶಾಸ್ತ್ರ ಹೇಳುತ್ತೇವೆ. “ಸಂಸಾರವೇ ಹೀಗೆ”, “ಅವರ ಆಯುಷ್ಯ ಅಷ್ಟೇ ಇತ್ತು”, “ಅಳುವುದರಿಂದ ಕರ್ಮಬಂಧ”. ದುಃಖಿತನು ಸ್ವಲ್ಪ ಓದಿದವನಾಗಿದ್ದರೆ ಇನ್ನೂ ಒಂದು ಮಾತು ಸೇರುತ್ತದೆ: “ತಿಳಿದವರಾದ ನೀವೇ ಹೀಗೆ ಕಣ್ಣೀರು ಹಾಕಿದರೆ ಉಳಿದವರ ಗತಿಯೇನು?” ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಆ ಮಾತು ದುಃಖದ ಮೇಲೆ ಇನ್ನೊಂದು ಭಾರವನ್ನು ಹೊರಿಸುತ್ತದೆ. ಹೋದವರ ಅಗಲಿಕೆಯ ಜೊತೆಗೆ, “ನಾನು ಶ್ರದ್ಧೆಯಿಂದಲೂ ಜಾರಿದೆನೇನೋ” ಎಂಬ ಅಳುಕು ಆ ಬಡಜೀವಕ್ಕೆ ಅಂಟಿಕೊಳ್ಳುತ್ತದೆ. ಈ ಅಳುಕಿಗೆ ಆಗಮದ ಆಧಾರವಿದೆಯೇ?

ನಾನು ಪಂಡಿತನಲ್ಲ, ವಾಣಿಜ್ಯಶಾಸ್ತ್ರ ಓದಿ ಅಂಗಡಿಯಲ್ಲಿ ಕುಳಿತವನು. ಆದರೂ ಸ್ವಾಧ್ಯಾಯದಲ್ಲಿ ಕಂಡ ಮಟ್ಟಿಗೆ ನಿವೇದಿಸುತ್ತೇನೆ. ಮೋಹನೀಯ ಕರ್ಮವು ಎರಡು ಬಗೆಯದು: ದರ್ಶನಮೋಹನೀಯ ಮತ್ತು ಚಾರಿತ್ರಮೋಹನೀಯ. ಮೊದಲನೆಯದು ಶ್ರದ್ಧೆಯನ್ನು ಕೆಡಿಸುತ್ತದೆ, ಎರಡನೆಯದು ಆಚರಣೆಯನ್ನು ತಡೆಯುತ್ತದೆ. ಶೋಕವು ಹಾಸ್ಯ, ರತಿ, ಅರತಿ, ಭಯ ಮೊದಲಾದವುಗಳೊಡನೆ ಒಂಬತ್ತು ನೋಕಷಾಯಗಳಲ್ಲಿ ಎಣಿಕೆಯಾಗಿದೆ; ನೋಕಷಾಯಗಳು ಚಾರಿತ್ರಮೋಹನೀಯದ ಭೇದಗಳು. ಎಂದರೆ ಪ್ರಿಯರನ್ನು ಕಳೆದುಕೊಂಡವನ ಕಣ್ಣೀರು ಅವನ ಶ್ರದ್ಧೆಯ ಖಾತೆಗೆ ಸೇರಿದ್ದಲ್ಲ. ಸಮ್ಯಗ್ದೃಷ್ಟಿಯು ಅಳಬಲ್ಲನು. ಆತ್ಮ ಬೇರೆ, ದೇಹ ಬೇರೆ ಎಂಬುದನ್ನು ದೃಢವಾಗಿ ನಂಬಿರುವಾಗಲೇ ಅಳಬಲ್ಲನು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನದ ನಾಲ್ಕು ವಿಧಗಳನ್ನು ಹೇಳುವಾಗ ಇಷ್ಟವಿಯೋಗವನ್ನು ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ಪ್ರಿಯವಾದುದು ಅಗಲಿದಾಗ ಅದು ಮರಳಿ ಬರಲೆಂದು ಮನಸ್ಸು ಮತ್ತೆ ಮತ್ತೆ ಚಿಂತಿಸುವುದೇ ಅದು. ಇಷ್ಟನ್ನು ಬಹುಮಂದಿ ಬಲ್ಲರು. ಆದರೆ ಆಮೇಲಿನ ಸೂತ್ರದಲ್ಲಿ ಆಚಾರ್ಯರು ಈ ಧ್ಯಾನ ಯಾರಿಗೆ ಉಂಟಾಗುತ್ತದೆಂಬುದನ್ನೂ ತಿಳಿಸಿದ್ದಾರೆ. ಅದನ್ನು ಸಾವಿನ ಮನೆಯಲ್ಲಿ ಯಾರೂ ನೆನೆಯುವುದಿಲ್ಲ. ಅವಿರತನಿಗೆ, ದೇಶವಿರತನಿಗೆ, ಪ್ರಮತ್ತಸಂಯತನಿಗೆ ಅದು ಸಂಭವಿಸುತ್ತದೆ. ನಾಲ್ಕನೆಯ, ಐದನೆಯ ಗುಣಸ್ಥಾನಗಳ ಗೃಹಸ್ಥನಿಗಷ್ಟೇ ಅಲ್ಲ, ಆರನೆಯ ಗುಣಸ್ಥಾನದ ಮಹಾವ್ರತಿಗೂ! ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತಾ, ಮುನಿಗೆ ನಿದಾನವೊಂದನ್ನು ಬಿಟ್ಟು ಉಳಿದ ಮೂರು ಆರ್ತಧ್ಯಾನಗಳು ಪ್ರಮಾದದ ಉದಯದಿಂದ ಒಮ್ಮೊಮ್ಮೆ ಉಂಟಾಗಬಹುದೆಂದು ಒಪ್ಪುತ್ತಾರೆ. ಪಿಂಛಿ-ಕಮಂಡಲು ಹಿಡಿದು ಸರ್ವಸ್ವವನ್ನೂ ತ್ಯಜಿಸಿದವರಿಗೆ ಶಾಸ್ತ್ರಕಾರರು ತೋರಿಸಿದ ರಿಯಾಯಿತಿಯನ್ನು, ಮನೆ-ಮಠ ಮಕ್ಕಳು-ಮರಿಗಳ ನಡುವೆ ಬಾಳುವ ಶ್ರಾವಕನಿಗೆ ನಾವು ನಿರಾಕರಿಸುತ್ತೇವೆ. ಇದು ಯಾವ ನ್ಯಾಯ?

ಇಲ್ಲಿ ತಿಳಿದವರು ಒಂದು ಆಕ್ಷೇಪವನ್ನು ಎತ್ತಬಹುದು. ಅದೇ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನ ಇವು ಅಸಾತಾವೇದನೀಯದ ಆಸ್ರವಕ್ಕೆ ಕಾರಣಗಳೆಂದು ಹೇಳಿಲ್ಲವೇ? ಹೇಳಿದೆ. ಆರ್ತಧ್ಯಾನವು ತಿರ್ಯಗ್ಗತಿಗೆ ಒಯ್ಯುವಂಥದೆಂದೂ ಶಾಸ್ತ್ರದಲ್ಲಿದೆ. ಶೋಕವು ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಜ್ವರವನ್ನು ಯಾರೂ ಆರೋಗ್ಯವೆನ್ನುವುದಿಲ್ಲ. ಆದರೆ ಜ್ವರ ಬಂದವನನ್ನು ಬೈದರೆ ಜ್ವರ ಇಳಿಯುತ್ತದೆಯೇ? ಅಲ್ಲದೆ ಆ ಸೂತ್ರವನ್ನು ಪೂರ್ತಿಯಾಗಿ ಓದಬೇಕು. ತನ್ನಲ್ಲಿ ಉಂಟಾದ ಶೋಕವಷ್ಟೇ ಅಲ್ಲ, ಪರರಲ್ಲಿ ಉಂಟುಮಾಡಿದ ಶೋಕವೂ ಇಬ್ಬರಲ್ಲಿಯೂ ಉಂಟಾದ ಶೋಕವೂ ಆಸ್ರವಕ್ಕೆ ಕಾರಣ ಎಂದು ಅಲ್ಲಿಯೇ ಇದೆ. ನೊಂದವನನ್ನು ಕಟುಮಾತಿನಿಂದ ಇನ್ನಷ್ಟು ನೋಯಿಸಿ ಬರುವವನು ತನ್ನ ಖಾತೆಯನ್ನೂ ಒಮ್ಮೆ ತೆರೆದು ನೋಡಿಕೊಳ್ಳುವುದು ಒಳ್ಳೆಯದು. ಇದೇ ಸೂತ್ರಕ್ಕೆ ಪೂಜ್ಯಪಾದರು ಕೊಟ್ಟಿರುವ ವೈದ್ಯನ ದೃಷ್ಟಾಂತ ಬಹಳ ಸೊಗಸಾಗಿದೆ. ಕರುಣೆಯುಳ್ಳ ವೈದ್ಯನು ಮುನಿಯ ಮೈಮೇಲಿನ ಹುಣ್ಣಿಗೆ ಶಸ್ತ್ರವನ್ನು ತಾಗಿಸುತ್ತಾನೆ, ನೋವಾಗುತ್ತದೆ. ಆದರೆ ಅವನ ಪರಿಣಾಮ ಶುದ್ಧವಾಗಿರುವುದರಿಂದ ಆ ನೋವು ಅವನಿಗೆ ಪಾಪಬಂಧಕ್ಕೆ ಕಾರಣವಾಗದು. ಸಮಾಧಾನ ಹೇಳುವವನಲ್ಲಿ ಇಂಥ ವೈದ್ಯನ ಕೈ ಇರಬೇಕು. ಹುಣ್ಣು ಹಣ್ಣಾಗುವ ಮೊದಲೇ ಕತ್ತರಿ ಹಿಡಿದು ಬರುವವನನ್ನು ಯಾರು ವೈದ್ಯನೆಂದಾರು?

ಪುರಾಣಗಳ ಕಡೆಗೆ ತಿರುಗಿದರೆ ಈ ವಿಷಯ ಇನ್ನೂ ತಿಳಿಯಾಗುತ್ತದೆ. ನಾಗಚಂದ್ರ ಕವಿಯಿಂದಾಗಿ ಜೈನ ರಾಮಕಥೆ ಕನ್ನಡಿಗರಿಗೆ ಅಪರಿಚಿತವಲ್ಲ. ಆದರೆ ಅವನ ಕೃತಿಯ ಚರ್ಚೆ ಬಂದಾಗಲೆಲ್ಲ ನಮ್ಮ ವಿದ್ವಾಂಸರು ರಾವಣನ ಬಳಿಯೇ ನಿಂತುಬಿಡುತ್ತಾರೆ. ಕಥೆಯ ಕೊನೆಯ ಭಾಗಕ್ಕೆ 7ನೆಯ ಶತಮಾನದ ರವಿಷೇಣಾಚಾರ್ಯರ ಸಂಸ್ಕೃತ ಪದ್ಮಪುರಾಣವನ್ನೇ ನೋಡಬೇಕು. ರಾಮನು ಎಂಟನೆಯ ಬಲಭದ್ರ, ಲಕ್ಷ್ಮಣನು ಎಂಟನೆಯ ನಾರಾಯಣ. ಇವರಿಬ್ಬರ ಸ್ನೇಹವನ್ನು ಪರೀಕ್ಷಿಸಬೇಕೆಂದು ಇಬ್ಬರು ದೇವರು ಅಯೋಧ್ಯೆಗೆ ಬಂದು, ರಾಮನು ಸತ್ತನೆಂಬ ಸುಳ್ಳು ಆಕ್ರಂದನವನ್ನು ಎಬ್ಬಿಸುತ್ತಾರೆ. ಅದನ್ನು ಕೇಳಿದ ಕ್ಷಣದಲ್ಲಿಯೇ ಲಕ್ಷ್ಮಣನ ಪ್ರಾಣ ಹೋಗುತ್ತದೆ. (ವಿನೋದಕ್ಕಾಗಿ ಇನ್ನೊಬ್ಬರ ಪ್ರೀತಿಯನ್ನು ಪರೀಕ್ಷಿಸುವವರು ಈ ಪ್ರಸಂಗವನ್ನು ನೆನಪಿಡಬೇಕು.) ಮುಂದೆ ರಾಮನು ತಮ್ಮನ ಶವವನ್ನು ಬಿಡುವುದಿಲ್ಲ. ಸ್ನಾನ ಮಾಡಿಸುತ್ತಾನೆ, ಬಟ್ಟೆ ಉಡಿಸುತ್ತಾನೆ, ಬಾಯಿಗೆ ಅನ್ನವಿಡುತ್ತಾನೆ, ಮಾತನಾಡಿಸುತ್ತಾನೆ. ವಿಭೀಷಣ, ಸುಗ್ರೀವ ಮೊದಲಾದವರು ಬಂದು ಸಂಸಾರದ ಅನಿತ್ಯತೆಯನ್ನು ವಿಸ್ತಾರವಾಗಿ ಹೇಳುತ್ತಾರೆ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ದಹನದ ಮಾತೆತ್ತಿದಾಗ ರಾಮನಿಗೆ ಸಿಟ್ಟು ಬರುತ್ತದೆ. ಶವವನ್ನು ಹೆಗಲ ಮೇಲೆ ಹೊತ್ತು ಬೇರೆಡೆಗೆ ನಡೆದುಬಿಡುತ್ತಾನೆ. ಹೀಗೆ ಆರು ತಿಂಗಳು.

ಈ ರಾಮನು ಯಾರು? ಅದೇ ಭವದಲ್ಲಿ ಮೋಕ್ಷವನ್ನು ಪಡೆಯಲಿರುವ ಚರಮಶರೀರಿ. ಮುಕ್ತಿ ಅವನಿಗೆ ಕೆಲವು ವರ್ಷಗಳಷ್ಟೇ ದೂರದಲ್ಲಿತ್ತು. ಅಂಥವನು ಆರು ತಿಂಗಳು ಹೆಣ ಹೊತ್ತದ್ದನ್ನು ಆಚಾರ್ಯರು ಮುಚ್ಚಿಡಲಿಲ್ಲ, ಎರಡು ಶ್ಲೋಕಗಳಲ್ಲಿ ತೇಲಿಸಿ ಮುಂದೆ ಸಾಗಲಿಲ್ಲ. ಮಹಾಪುರುಷನ ಚರಿತ್ರೆಯಲ್ಲಿ ಇದು ಕಲಂಕವೆಂದು ಅವರಿಗೆ ತೋರಿದ್ದರೆ ಬಿಡಬಹುದಾಗಿತ್ತು.

ರಾಮನಿಗೆ ಅರಿವು ಮೂಡಿದ್ದು ಹೇಗೆಂಬುದು ಇನ್ನೂ ಮುಖ್ಯ. ಇಬ್ಬರು ದೇವರು ಬರುತ್ತಾರೆ. ಒಬ್ಬನು ಹಿಂದೆ ದಂಡಕಾರಣ್ಯದಲ್ಲಿ ರಾಮ-ಸೀತೆಯರ ಆಶ್ರಯದಲ್ಲಿದ್ದ ಜಟಾಯು ಪಕ್ಷಿಯ ಜೀವ; ಇನ್ನೊಬ್ಬನು ರಾಮನ ಸೇನಾಪತಿ ಕೃತಾಂತವಕ್ತ್ರನ ಜೀವ. ರಾಮನ ಆಜ್ಞೆಯಂತೆ ಗರ್ಭಿಣಿ ಸೀತೆಯನ್ನು ಕಾಡಿನಲ್ಲಿ ಬಿಟ್ಟು ಬಂದವನು ಈ ಕೃತಾಂತವಕ್ತ್ರನೇ. ಅವನು ದೀಕ್ಷೆಗೆ ಹೊರಟಾಗ, “ನೀನು ದೇವನಾದರೆ, ನಾನು ಸಂಕಟದಲ್ಲಿರುವಾಗ ಬಂದು ನನ್ನನ್ನು ಎಚ್ಚರಿಸು” ಎಂದು ರಾಮನು ಕೇಳಿಕೊಂಡಿದ್ದನು. ಆ ಮಾತನ್ನು ಉಳಿಸಿಕೊಳ್ಳಲು ಅವನು ಬಂದನು. ಬಂದವರು ಉಪದೇಶ ಮಾಡಲಿಲ್ಲ. ರಾಮನ ಕಣ್ಣೆದುರಿಗೆ ಒಣಗಿದ ಮರಕ್ಕೆ ನೀರೆರೆದರು; ಬಂಡೆಯ ಮೇಲೆ ಬೀಜ ಬಿತ್ತಲು ಹೊರಟರು; ಬೆಣ್ಣೆಗಾಗಿ ನೀರನ್ನು ಕಡೆದರು; ಎಣ್ಣೆಗಾಗಿ ಮರಳನ್ನು ಗಾಣಕ್ಕೆ ಹಾಕಿದರು. ರಾಮನೇ ಅವರನ್ನು ಕರೆದು, ಇದೇನು ಮರುಳುತನ ಎಂದು ಕೇಳಿದನು. ಕೊನೆಗೆ ಒಬ್ಬನು ಹೆಣವನ್ನು ಹೊತ್ತು ಬಂದನು. ಪ್ರಶ್ನೆ ರಾಮನ ಬಾಯಿಂದಲೇ ಹೊರಟಿತು, ಉತ್ತರ ಅವನ ಹೆಗಲ ಮೇಲೆಯೇ ಇತ್ತು. ಸರಯೂ ತೀರದಲ್ಲಿ ದಹನವಾಯಿತು. ರಾಮನು ಸುವ್ರತ ಮುನಿಗಳಲ್ಲಿ ದೀಕ್ಷೆ ಪಡೆದನು.

ವಿಭೀಷಣನ ಮಾತಿಗೂ ದೇವರ ಕೃತಿಗೂ ಇರುವ ಅಂತರವೇನು? ತತ್ತ್ವ ಎರಡರಲ್ಲಿಯೂ ಒಂದೇ. ಆದರೆ ವಿಭೀಷಣಾದಿಗಳು ದಡದಲ್ಲಿ ನಿಂತು ಕೂಗಿದರು. ಜಟಾಯು ಮತ್ತು ಕೃತಾಂತವಕ್ತ್ರರು ರಾಮನ ಹುಚ್ಚಿನೊಳಕ್ಕೆ ತಾವೂ ಇಳಿದರು. ಮೇಲೆ ಹೇಳಿದ ಹೆಂಗಸರು ನೊಂದವಳ ಪಕ್ಕದಲ್ಲಿ ಸುಮ್ಮನೆ ಕುಳಿತು ಮಾಡುವುದು ಇದನ್ನೇ ಎಂದು ನನಗೆ ತೋರುತ್ತದೆ. ಕಾಲವೂ ಇಲ್ಲಿ ಒಂದು ಕಾರಣ. ಆರು ತಿಂಗಳ ಹಿಂದೆ ಅದೇ ಮರಳನ್ನು ಗಾಣಕ್ಕೆ ಹಾಕಿದ್ದರೆ ರಾಮನು ತಿರುಗಿಯೂ ನೋಡುತ್ತಿರಲಿಲ್ಲ. ಕರ್ಮದ ಉದಯಕ್ಕೆ ಅದರದೇ ಆದ ಸ್ಥಿತಿಕಾಲವಿದೆ ಎಂದು ಬಂಧತತ್ತ್ವದಲ್ಲಿ ಓದುವ ನಾವು, ಶೋಕಕ್ಕೆ ಮಾತ್ರ ಸೂತಕದ ಹತ್ತು-ಹನ್ನೆರಡು ದಿನಗಳ ಗಡುವು ಹಾಕಿರುತ್ತೇವೆ.

ರಾಮನ ತಪ್ಪು ಎಲ್ಲಿತ್ತು? ತಮ್ಮನನ್ನು ಪ್ರೀತಿಸಿದ್ದರಲ್ಲಿಯೇ ಎಂದು ಕೆಲವರು ಹೇಳಿಯಾರು. ನನಗೆ ಹಾಗೆ ತೋರುವುದಿಲ್ಲ. ದ್ರವ್ಯವು ನಿತ್ಯ, ಪರ್ಯಾಯವು ಅನಿತ್ಯ. ಲಕ್ಷ್ಮಣನೆಂಬ ಜೀವದ್ರವ್ಯ ಅಳಿಯಲಿಲ್ಲ. ಲಕ್ಷ್ಮಣನೆಂಬ ಪರ್ಯಾಯ ಮುಗಿದಿತ್ತು. ಪ್ರೀತಿ ಜೀವದ್ದು, ಹೊತ್ತದ್ದು ಕಳಚಿದ ಪರ್ಯಾಯವನ್ನು. ನಾವು ಹೆಣವನ್ನು ಹೊರುವುದಿಲ್ಲ ನಿಜ. ಆದರೆ ಹೋದವರ ಕೋಣೆಗೆ ಬೀಗ ಹಾಕಿ ವರ್ಷಾನುಗಟ್ಟಲೆ ತೆರೆಯದಿರುವುದು, ಮಗನ ಹೆಸರೆತ್ತಿದರೆ ಮನೆಯಲ್ಲಿ ಒಲೆ ಹೊತ್ತದಂತಾಗುವುದು, ಸತ್ತ ಅಣ್ಣನ ಮೇಲಿನ ಮಮತೆಯಿಂದ ಬದುಕಿರುವ ತಮ್ಮನ ಮುಖ ನೋಡದಿರುವುದು, ಇವೆಲ್ಲ ಹೆಗಲ ಮೇಲಿನ ಭಾರಗಳೇ.

ನನ್ನ ಧರ್ಮಪತ್ನಿ ತೀರಿಕೊಂಡು ಹನ್ನೊಂದು ವರ್ಷಗಳಾದವು. ಅವಳು ಮನೆವಾರ್ತೆಯ ಲೆಕ್ಕವನ್ನು ಅಂಗಡಿಯ ಕಿರ್ದಿಯಷ್ಟೇ ಶಿಸ್ತಿನಿಂದ ಬರೆಯುತ್ತಿದ್ದಳು. ಕೊನೆಯ ಪುಸ್ತಕದಲ್ಲಿ ಹಾಲಿನ ಬಾಬ್ತು ಒಂದು ಮೊತ್ತವನ್ನು ಬರೆದು, ಆಖೈರು ಶಿಲ್ಕು ತೆಗೆಯದೆ ಬಿಟ್ಟಿದ್ದಳು. ಲೆಕ್ಕ ತಿಳಿದವನಿಗೆ ಮುಗಿಯದ ಪುಟ ಕಣ್ಣಿಗೆ ಚುಚ್ಚುತ್ತದೆ. ಆ ಪುಟವನ್ನು ನಾನು ಮುಗಿಸಲಿಲ್ಲ. ಈಗಲೂ ಹಾಗೆಯೇ ಇದೆ. ಆದರೆ ಅದರ ಹಿಂದಿನ ಪುಟಗಳಲ್ಲಿ ತಿಂಗಳಿಗೊಮ್ಮೆ ಒಬ್ಬ ಹುಡುಗಿಯ ಶಾಲೆಯ ಫೀಜು ಎಂದು ನಮೂದಾಗಿದ್ದುದನ್ನು ಕಂಡೆ. ನನಗೆ ತಿಳಿಸದೆ ಅವಳು ಕೊಡುತ್ತಿದ್ದ ಹಣ. ಆ ಹುಡುಗಿ ನಮ್ಮ ಮನೆಗೆಲಸದವಳ ಮಗಳೆಂದು ವಿಚಾರಿಸಿದಾಗ ತಿಳಿಯಿತು. ಮುಂದಿನ ತಿಂಗಳಿಂದ ಆ ಬಾಬ್ತನ್ನು ನನ್ನ ಪುಸ್ತಕಕ್ಕೆ ಆರಂಭ ಶಿಲ್ಕಾಗಿ ತಂದುಕೊಂಡೆ. ಇದನ್ನು ಇಲ್ಲಿ ಹೇಳಿದ್ದು ಆತ್ಮಪ್ರಶಂಸೆಗಲ್ಲ, ಮೊತ್ತವೂ ದೊಡ್ಡದಲ್ಲ. ಮುಂದೆ ಹೇಳಲಿರುವ ಪುರಾಣದ ಪ್ರಸಂಗ ನನಗೆ ಅರ್ಥವಾದದ್ದು ಆ ಪುಟದಿಂದ ಎಂಬ ಕಾರಣಕ್ಕೆ.

ಆದಿಪುರಾಣದ ಭವಾವಳಿಯನ್ನು ವಾಚಕರು ಬಲ್ಲರು. ಜಿನಸೇನಾಚಾರ್ಯರ ಸಂಸ್ಕೃತ ಮೂಲವನ್ನು ಆಧರಿಸಿ ಪಂಪನು 941ರಲ್ಲಿ ಕನ್ನಡಕ್ಕೆ ತಂದ ಆ ಕಥೆಯಲ್ಲಿ, ಲಲಿತಾಂಗದೇವ ಮತ್ತು ಸ್ವಯಂಪ್ರಭೆಯರ ಅನುರಾಗ ಸ್ವರ್ಗದಲ್ಲಿ ಮೊದಲಾಗಿ ಹಲವು ಭವಗಳವರೆಗೆ ಹರಿದುಬರುತ್ತದೆ. ಮುಂದಿನ ಭವದಲ್ಲಿ ಅವರು ವಜ್ರಜಂಘ-ಶ್ರೀಮತಿಯರು. ಕಾಡಿನಲ್ಲಿ ಇಬ್ಬರು ಚಾರಣ ಮುನಿಗಳಿಗೆ ಆಹಾರದಾನ ಮಾಡಿದ ದಂಪತಿಗಳು. ಶಯ್ಯಾಗೃಹದ ಗವಾಕ್ಷಿಗಳನ್ನು ಸೇವಕರು ತೆರೆಯದೆ ಮರೆತದ್ದರಿಂದ ಧೂಪದ ಹೊಗೆ ಕಟ್ಟಿ, ಇಬ್ಬರೂ ಒಟ್ಟಿಗೆ ಪ್ರಾಣಬಿಟ್ಟರು. ಇದರವರೆಗೆ ಎಲ್ಲರಿಗೂ ನೆನಪಿರುತ್ತದೆ, ಏಕೆಂದರೆ ಪಂಪನ ಕಾವ್ಯಪ್ರತಿಭೆ ಅಲ್ಲಿ ಬೆಳಗಿದೆ. ಮುಂದಿನ ಭವಗಳನ್ನು ಪುರಾಣವಾಚನದಲ್ಲಿ ಅವಸರವಾಗಿ ದಾಟಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಮರ್ಮವಿರುವುದು ಅಲ್ಲಿಯೇ.

ವಜ್ರಜಂಘನ ಜೀವ ಮುಂದೊಂದು ಭವದಲ್ಲಿ ಸುವಿಧಿ ಎಂಬ ರಾಜನಾಗುತ್ತದೆ. ಶ್ರೀಮತಿಯ ಜೀವ ಅವನ ಮಗ ಕೇಶವನಾಗಿ ಹುಟ್ಟುತ್ತದೆ. ಸುವಿಧಿಗೆ ವೈರಾಗ್ಯವಿತ್ತು, ಆದರೆ ಮಗನ ಮೇಲಿನ ಮಮತೆಯಿಂದ ಮನೆಯನ್ನು ಬಿಡಲಾರದೆ ಹೋದನು. ಮನೆಯಲ್ಲಿಯೇ ಇದ್ದು ಶ್ರಾವಕನ ಕಠಿಣ ವ್ರತಗಳನ್ನು ಪಾಲಿಸಿದನು. ಕೊನೆಗಾಲದಲ್ಲಿ ಮಾತ್ರ ನಿರ್ಗ್ರಂಥನಾದನು. ಪ್ರಥಮ ತೀರ್ಥಂಕರರಾಗಲಿದ್ದ ಜೀವವು ಒಂದು ಭವದಲ್ಲಿ ಪುತ್ರಸ್ನೇಹದಿಂದ ಮುನಿಪದವಿಯ ಹೊಸ್ತಿಲಲ್ಲಿಯೇ ನಿಂತಿತ್ತು! ಜಿನಸೇನರು ಇದನ್ನು ಹೇಳುವಲ್ಲಿ ನಿಂದೆಯ ಧ್ವನಿಯಿಲ್ಲ. ಬಿಡಲಾಗದುದನ್ನು ಬಿಡಲಾಗದೆಂದು ಒಪ್ಪಿ, ಅದರ ಜೊತೆಯಲ್ಲಿಯೇ ಸಾಧ್ಯವಾದಷ್ಟು ಸಂಯಮವನ್ನು ಸಾಧಿಸಿದವನ ಚಿತ್ರ ಅದು. ಮುಂದೆ ವಜ್ರನಾಭಿ ಚಕ್ರವರ್ತಿಯ ಭವದಲ್ಲಿ ಅದೇ ಶ್ರೀಮತಿಯ ಜೀವ ಧನದೇವನೆಂಬ ವಣಿಕನ ಮಗನಾಗಿ, ಚಕ್ರವರ್ತಿಯ ಗೃಹಪತಿರತ್ನವಾಗಿ ಇರುತ್ತದೆ. (ವ್ಯಾಪಾರಿಗಳಾದ ನಮಗೆ ಪುರಾಣದಲ್ಲಿ ಇಂಥ ಗೌರವದ ಸ್ಥಾನಗಳು ಹೆಚ್ಚಿಲ್ಲವಾದ್ದರಿಂದ ಇದನ್ನು ಎತ್ತಿ ಹೇಳುತ್ತಿದ್ದೇನೆ.) ಸ್ವರ್ಗದ ಪ್ರೇಯಸಿ, ಭೂಮಿಯ ಹೆಂಡತಿ, ಆಮೇಲೆ ಮಗ, ಆಮೇಲೆ ಭಂಡಾರದ ಯಜಮಾನ. ಸಂಬಂಧದ ಹೆಸರು ಪ್ರತಿ ಭವದಲ್ಲಿಯೂ ಬದಲಾಯಿತು, ಕಾಮದ ಅಂಶ ಸೋರಿಹೋಯಿತು.

ಕೊನೆಯ ಭವದಲ್ಲಿ ವಜ್ರಜಂಘನ ಜೀವವೇ ವೃಷಭಸ್ವಾಮಿ. ದೀಕ್ಷೆಯ ನಂತರ ಆರು ತಿಂಗಳ ಯೋಗವನ್ನು ಮುಗಿಸಿ ಸ್ವಾಮಿಯು ಚರ್ಯೆಗೆ ಹೊರಟರೆ, ಮುನಿಗೆ ಆಹಾರವನ್ನು ಹೇಗೆ ಕೊಡಬೇಕೆಂದು ತಿಳಿದವರು ಲೋಕದಲ್ಲಿ ಒಬ್ಬರೂ ಇರಲಿಲ್ಲ. ಜನ ಆನೆಯನ್ನು ತಂದರು, ಕುದುರೆಯನ್ನು ತಂದರು, ರತ್ನಗಳನ್ನು ಸುರಿದರು, ಕನ್ಯೆಯರನ್ನು ಕರೆತಂದರು. ಭಕ್ತಿಗೆ ಕೊರತೆಯಿರಲಿಲ್ಲ, ವಿಧಿ ತಿಳಿದಿರಲಿಲ್ಲ. ತಿಂಗಳುಗಳು ಕಳೆದವು. ಹಸ್ತಿನಾಪುರದಲ್ಲಿ ರಾಜನ ತಮ್ಮನಾದ ಶ್ರೇಯಾಂಸನು ಸ್ವಾಮಿಯನ್ನು ಕಂಡ ಕೂಡಲೇ ಅವನಿಗೆ ಜಾತಿಸ್ಮರಣವಾಯಿತು. ಹಿಂದೆ ತಾನು ಶ್ರೀಮತಿಯಾಗಿದ್ದಾಗ, ಎದುರಿಗಿರುವ ಈ ಜೀವದ ಜೊತೆಯಲ್ಲಿ ನಿಂತು ಮುನಿಗಳಿಗೆ ಆಹಾರ ಕೊಟ್ಟದ್ದು ನೆನಪಾಯಿತು. ವಿಧಿಯೂ ನೆನಪಾಯಿತು. ವೈಶಾಖ ಶುಕ್ಲ ತೃತೀಯೆಯಂದು ಇಕ್ಷುರಸದ ದಾನವಾಯಿತು. ನಾವು ಇಂದಿಗೂ ಅಕ್ಷಯ ತೃತೀಯೆಯನ್ನು ಆಚರಿಸುತ್ತೇವೆ. ಕಬ್ಬಿನ ಹಾಲಿನ ಹಿಂದೆ ಒಬ್ಬ ಹೆಣ್ಣಿನ ಹಳೆಯ ಅನುರಾಗದ ನೆನಪಿದೆ ಎಂಬುದನ್ನು ಮಾತ್ರ ನೆನೆಯುವುದಿಲ್ಲ.

ಈ ಸ್ಮರಣೆಯನ್ನು ಮೋಹವೆನ್ನಬೇಕೇ? ಶ್ರೇಯಾಂಸನು ಹಳೆಯ ಗಂಡನನ್ನು ಗುರುತಿಸಿ ಅಪ್ಪಿಕೊಳ್ಳಲು ಓಡಲಿಲ್ಲ. ಎದುರಿಗೆ ನಿಂತ ದಿಗಂಬರನಿಗೆ ಆ ಹೊತ್ತಿನಲ್ಲಿ ಬೇಕಾದುದನ್ನು, ಬೇಕಾದ ರೀತಿಯಲ್ಲಿ ಕೊಟ್ಟನು. ಲೋಕಕ್ಕೆ ದಾನತೀರ್ಥ ತೆರೆದದ್ದು ಹಾಗೆ. ಆಚಾರ್ಯ ಕುಂದಕುಂದರು ಪಂಚಾಸ್ತಿಕಾಯದಲ್ಲಿ ಪ್ರಶಸ್ತರಾಗದ ಮಾತನ್ನೆತ್ತಿದ್ದಾರೆ. ರಾಗವು ಪ್ರಶಸ್ತವಾದರೂ ಬಂಧಕ್ಕೆ ಕಾರಣವೇ, ವೀತರಾಗತೆಯೇ ಕೊನೆಯ ಗುರಿ. ಇದರಲ್ಲಿ ಎರಡು ಮಾತಿಲ್ಲ. ಆದರೆ ಕೆಳಗಿನ ಮೆಟ್ಟಿಲಲ್ಲಿರುವವನಿಗೆ ಮೇಲಿನ ಮೆಟ್ಟಿಲ ವಿಷಯವನ್ನು ಹೇಳಿ ಇರುವ ಮೆಟ್ಟಿಲನ್ನೂ ಕಿತ್ತುಕೊಳ್ಳಬಾರದು.

ಸೀತೆಯ ಕಥೆ ಇದನ್ನೇ ಇನ್ನೂ ಚುರುಕಾಗಿ ತೋರಿಸುತ್ತದೆ. ಆರ್ಯಿಕೆಯಾಗಿ ತಪಸ್ಸು ಮಾಡಿ ಅಚ್ಯುತಸ್ವರ್ಗದಲ್ಲಿ ಪ್ರತೀಂದ್ರನಾದ ಆ ಜೀವವು, ಕೋಟಿಶಿಲೆಯ ಮೇಲೆ ರಾಮಮುನಿಯು ಧ್ಯಾನದಲ್ಲಿ ಏರುತ್ತಿರುವುದನ್ನು ಕಂಡು, ಅವನು ಮುಕ್ತನಾಗದೆ ಸ್ವರ್ಗಕ್ಕೆ ಬಂದರೆ ತಾವಿಬ್ಬರೂ ಕೂಡಿರಬಹುದೆಂದು ಧ್ಯಾನವನ್ನು ಕೆಡಿಸಲು ಯತ್ನಿಸುತ್ತದೆ. ರಾಮನು ಕದಲುವುದಿಲ್ಲ, ಕೇವಲಜ್ಞಾನ ಉದಯಿಸುತ್ತದೆ. ಪ್ರತೀಂದ್ರನು ಕ್ಷಮೆ ಬೇಡುತ್ತಾನೆ. ಆಮೇಲೆ ಅದೇ ಜೀವ ಏನು ಮಾಡಿತು? ನರಕಕ್ಕಿಳಿದು, ಅಲ್ಲಿ ನರಳುತ್ತಿದ್ದ ಲಕ್ಷ್ಮಣನಿಗೂ, ತನ್ನನ್ನು ಅಪಹರಿಸಿದ್ದ ರಾವಣನಿಗೂ ಧರ್ಮವನ್ನು ಬೋಧಿಸಿತು. ಅವರನ್ನು ಎತ್ತಿ ಮೇಲಕ್ಕೆ ಒಯ್ಯಲು ನೋಡಿದರೆ ಅವರ ದೇಹಗಳು ಕೈಯಲ್ಲಿ ನಿಲ್ಲದೆ ಕರಗಿ ಜಾರಿದವು. ಪ್ರತಿಯೊಬ್ಬನೂ ತನ್ನ ಕರ್ಮವನ್ನು ತಾನೇ ಅನುಭವಿಸಬೇಕು. ಆದರೆ ಸಮ್ಯಕ್ತ್ವವನ್ನು ಕೊಡಿಸಿ ಬರಲು ಸಾಧ್ಯವಾಯಿತು. ಒಂದೇ ಸ್ನೇಹ ಒಮ್ಮೆ ಪ್ರಿಯನನ್ನು ಕೆಳಗೆಳೆಯಲು ಹೋಯಿತು, ಇನ್ನೊಮ್ಮೆ ವೈರಿಯನ್ನು ಸಹ ಎತ್ತಲು ಹೋಯಿತು.

ಇವೆಲ್ಲ ಪುರಾಣದ ಮಾತಾಯಿತು, ನಮ್ಮಂಥ ಮನುಷ್ಯರಲ್ಲಿ ಇದು ಸಾಧ್ಯವೇ ಎಂದರೆ, ನಮ್ಮ ನಾಡಿನ ಇತಿಹಾಸದಲ್ಲಿಯೇ ಅತ್ತಿಮಬ್ಬೆ ಇದ್ದಾಳೆ. ಮಲ್ಲಪಯ್ಯನ ಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆ ಎಂಬ ಅಕ್ಕತಂಗಿಯರು ಚಾಳುಕ್ಯ ತೈಲಪನ ಆಸ್ಥಾನದ ನಾಗದೇವನನ್ನು ಕೈಹಿಡಿದಿದ್ದರು. ನಾಗದೇವನು ಯುದ್ಧದಲ್ಲಿ ಮಡಿದನು. ತಂಗಿ ಗುಂಡಮಬ್ಬೆ ಗಂಡನೊಡನೆ ಚಿತೆಯೇರಿದಳು. ಅಕ್ಕ ಅತ್ತಿಮಬ್ಬೆ ಮಗು ಅಣ್ಣಿಗದೇವನನ್ನು ಎತ್ತಿಕೊಂಡು ಬದುಕಿ ಉಳಿದಳು. ಒಂದೇ ಮನೆ, ಒಂದೇ ಗಂಡ, ಒಂದೇ ದಿನದ ದುಃಖ. ಗುಂಡಮಬ್ಬೆಯ ಪ್ರೀತಿಯನ್ನು ಕಡಿಮೆಯೆನ್ನಲು ನಾನು ಯಾರು? ಆದರೆ ಧರ್ಮದ ದೃಷ್ಟಿಯಿಂದ ಒಂದು ಮಾತು ಹೇಳಲೇಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಲೋಕಮೂಢತೆಯನ್ನು ವಿವರಿಸುವಾಗ ಬೆಂಕಿಗೆ ಬೀಳುವುದನ್ನು ಸ್ಪಷ್ಟವಾಗಿ ಅದರಲ್ಲಿ ಸೇರಿಸಿದ್ದಾರೆ. ಆ ಕಾಲದ ವೀರಸಮಾಜ ಸಹಗಮನವನ್ನು ಎಷ್ಟೇ ಹೊಗಳಿದ್ದರೂ ಜಿನಾಗಮದ ಬೆಂಬಲ ಅದಕ್ಕಿರಲಿಲ್ಲ. ಅಂದಿನ ಜನರ ಕಣ್ಣಿಗೆ ಕಠಿಣವಾಗಿ ಕಂಡದ್ದು ತಂಗಿಯ ದಾರಿ. ನನ್ನ ಕಣ್ಣಿಗೆ ಕಠಿಣವಾಗಿ ಕಾಣುವುದು ಅಕ್ಕನದು.

ಪೊನ್ನನ ಶಾಂತಿಪುರಾಣವನ್ನು ಹಿಂದೆ ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಅದೂ ಅಗಲಿದ ಗುರು ಜಿನಚಂದ್ರದೇವರ ಪರೋಕ್ಷವಿನಯಕ್ಕಾಗಿ. ಎಂದರೆ ಆ ಕಾವ್ಯ ಹುಟ್ಟಿದ್ದೇ ಒಂದು ವಿಯೋಗದಿಂದ. ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲ, ಓಲೆಗರಿಯನ್ನು ಹದಮಾಡಿ, ಕಂಟದಿಂದ ಅಕ್ಷರಕ್ಕೆ ಅಕ್ಷರ ಕೊರೆದು, ಮಸಿ ಸವರಿ, ತಿದ್ದಿ, ದಾರ ಪೋಣಿಸಿ ಒಂದು ಪ್ರತಿ ಸಿದ್ಧವಾಗಲು ಎಷ್ಟು ದಿನಗಳು ಬೇಕು, ಎಷ್ಟು ಲಿಪಿಕಾರರಿಗೆ ಎಷ್ಟು ಕಾಲ ಅನ್ನ-ವಸ್ತ್ರ ಕೊಡಬೇಕು ಎಂದು ವ್ಯಾಪಾರಿಯ ಬುದ್ಧಿಯಿಂದ ಲೆಕ್ಕ ಹಾಕಲು ಹೊರಟು ನಾನು ಕೈಬಿಟ್ಟಿದ್ದೇನೆ. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳೂ ಅವಳೇ. ಸಾವಿರಕ್ಕೂ ಮಿಕ್ಕಿ ಜಿನಬಿಂಬಗಳನ್ನು ಮಾಡಿಸಿದಳೆಂದು ಪ್ರತೀತಿ. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಈಗಲೂ ನಿಂತಿದೆ. ಅಲ್ಲಿಯ ಶಾಸನದ ಕಾಲ 1007. ಆತ್ಮನಲ್ಲಿ ಶಕ್ತಿರೂಪದಲ್ಲಿ ಅನಂತವಿದೆ, ವ್ಯಕ್ತವಾಗಿರುವುದು ಅಲ್ಪ ಎಂದು ನಾವು ಓದುತ್ತೇವೆ. ನಾಗದೇವನು ಬದುಕಿದ್ದರೆ ಅತ್ತಿಮಬ್ಬೆ ಏನಾಗುತ್ತಿದ್ದಳೋ ಊಹಿಸಲಾರೆವು. ಸಾವು ಒಳ್ಳೆಯದನ್ನು ತಂದಿತೆಂದು ಹೇಳುವ ಕ್ರೌರ್ಯ ನನಗೆ ಬೇಡ. ವಿಯೋಗವು ಅವಳಿಗೆ ಏನನ್ನೂ ಕೊಡಲಿಲ್ಲ. ತನ್ನಲ್ಲಿ ಉಳಿದಿದ್ದುದನ್ನು ಅವಳು ಕೊಟ್ಟಳು.

ಈ ಪತ್ರಿಕೆಯನ್ನು ಓದುವ ಬಸದಿಗಳ ಧರ್ಮದರ್ಶಿಗಳಲ್ಲಿ ಇಷ್ಟು ವಿಜ್ಞಾಪನೆ. ಸ್ಮರಣಾರ್ಥವೆಂದು ಬರುವ ದ್ರವ್ಯಕ್ಕೆ ನಾವು ಸಾಮಾನ್ಯವಾಗಿ ತೋರಿಸುವ ದಾರಿಗಳು ಎರಡೇ: ಅಮೃತಶಿಲೆಯ ಹಲಗೆ, ಇಲ್ಲವೇ ಪಂಖ ಮತ್ತು ದೀಪ. ನಮ್ಮ ಕಡೆಯ ಒಂದು ಬಸದಿಯಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಯ ತಂದೆಯ ಹೆಸರನ್ನು ಎಷ್ಟು ದಪ್ಪವಾಗಿ ಬರೆಸಿದ್ದರೆಂದರೆ ಬೆಳಕು ಹೊರಗೆ ಬರುವುದಕ್ಕೆ ಎಡೆಯಿರಲಿಲ್ಲ. ದುಃಖದಲ್ಲಿರುವ ಮನೆಯವರು ರಶೀದಿ ಕೇಳಲು ಬಂದಾಗ, ಎದುರಿಗೆ ದರಪಟ್ಟಿಯನ್ನು ಇಡುವ ಬದಲು, “ಹೋದವರಿಗೆ ಯಾವುದು ಪ್ರಿಯವಾಗಿತ್ತು?” ಎಂದು ಒಂದು ಮಾತು ಕೇಳಬಾರದೇ? ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ಬಗೆ. ಓದುವ ಹವ್ಯಾಸವಿದ್ದವರ ಹೆಸರಿನಲ್ಲಿ ಒಂದು ತಾಡವಾಲೆಯ ಕಟ್ಟಿಗೆ ಎಣ್ಣೆ ಸವರಿಸಿ ಹೊಸ ಬಟ್ಟೆ ಸುತ್ತಿಸಬಹುದು. ದನಕರುಗಳನ್ನು ಪ್ರೀತಿಸಿದವರ ಹೆಸರಿನಲ್ಲಿ ಗೋಶಾಲೆಗೆ ಬೇಸಗೆಯ ಮೇವು ಹಾಕಿಸಬಹುದು.

ಈ ಪ್ರಶ್ನೆಯನ್ನು ಒಮ್ಮೆ ನಮ್ಮ ಬಸದಿಯ ಕಚೇರಿಯಲ್ಲಿ, ಮಗನನ್ನು ಕಳೆದುಕೊಂಡ ಒಬ್ಬ ವೃದ್ಧ ತಾಯಿಗೆ ಹಿರಿಯರೊಬ್ಬರು ಕೇಳಿದರು. “ಅವನಿಗೆ ಏನು ಪ್ರಿಯವಾಗಿತ್ತಮ್ಮ?” ಆಕೆ ಬಹಳ ಹೊತ್ತು ಸುಮ್ಮನಿದ್ದರು. ಮಗ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅದುವರೆಗೆ ಅವನ ಬಗ್ಗೆ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲವಂತೆ, ಎಲ್ಲರೂ ಹೇಳಿದ್ದರು. ಆಮೇಲೆ ಮಾತನಾಡತೊಡಗಿದರು. ರಶೀದಿ ಬರೆಯುವ ಹೊತ್ತಿಗೆ ಒಂದು ತಾಸು ಕಳೆದಿತ್ತು.